ಯಾರೂ ಕೂರದ ಕುರ್ಚಿ

ಪ್ಯಾರಿಸ್ಸಿನ ವ್ಯಾಪಾರಿ ಬೆರ್ತೆಲೋ ತಂದ ಕುರ್ಚಿಯನ್ನು ಓಡಿಲ್ ತಲೆಕೆಳಗು ಮಾಡಿದಳು. ಹಳೆಯ ರಾಜರ ಮೇಜು ಕುರ್ಚಿಗಳ ಮೂಲ ಹುಡುಕುವುದೇ ಅವಳ ಕಸುಬು.

"ಅರಮನೆ ಮುದ್ರೆ ಕಣ್ಣಿಗೆ ಹೊಡೀತಿದೆ. ಇನ್ನೇನ್ ಬೇಕ್ರೀ ನಿಮ್ಗೆ?" ಎಂದ ಅವನು.

"ಮುದ್ರೆ ಯಾರ್ ಬೇಕಾದ್ರೂ ಒತ್ತಬಹುದು. ಮುಂದಿನ ಕಾಲು ನೋಡಿ, ಕೂತೋರ ಹಿಮ್ಮಡಿ ಬಡಿದ ಒಂದು ಗುರುತೂ ಇಲ್ಲ. ಇದ್ರ ಮೇಲೆ ಯಾರೂ ಕೂತೇ ಇಲ್ಲ ಕಣ್ರೀ. ನಕಲಿ."

ಬೆರ್ತೆಲೋ ಗೊಣಗುತ್ತ ಕುರ್ಚಿ ಹೊತ್ತುಕೊಂಡು ಹೋದ.

ಸಂಜೆ ಮನೆಯಲ್ಲಿ ಎಂದಿನಂತೆ ಒಬ್ಬಳೇ ಸೂಪು ಕುಡಿಯುವಾಗ ಓಡಿಲ್‌ಳ ಚಮಚ ಮೇಜಿನಡಿಗೆ ಜಾರಿತು. ಎತ್ತಿಕೊಳ್ಳಲು ಬಗ್ಗಿದವಳಿಗೆ ಎದುರಿನ ಕುರ್ಚಿಯ ಕಾಲು ಕಂಡಿತು. ಇಪ್ಪತ್ತು ವರ್ಷದ ಹಿಂದೆ ಜೋಡಿಯಾಗಿ ಕೊಂಡ ಕುರ್ಚಿಗಳವು. ಅವಳದರ ಕಾಲು ಹಿಮ್ಮಡಿ ಬಡಿದು ಬಡಿದು ಬಣ್ಣ ಕಳೆದುಕೊಂಡಿತ್ತು. ಎದುರಿನದು ನಿನ್ನೆ ಅಂಗಡಿಯಿಂದ ತಂದಂತೆ ಮಿರಿಮಿರಿ ಮಿಂಚುತ್ತಿತ್ತು.

ಓಡಿಲ್ ಸೂಪಿನ ಬಟ್ಟಲು ಎತ್ತಿಕೊಂಡು ಆಚೆ ಬದಿಗೆ ಹೋಗಿ ಕೂತಳು. ಆಮೇಲೆ ಬೇಕೆಂದೇ, ಹಿಮ್ಮಡಿಯಿಂದ ಕುರ್ಚಿಯ ಕಾಲನ್ನು ಜೋರಾಗಿ ಒದ್ದಳು.