ಹೆಪ್ಪಿನ ಹನಿಯೂ ಕಂಪ್ಯೂಟರಿನ ಸೊನ್ನೆಯೂ

ನಮ್ಮವರು ತೀರಿಕೊಂಡ ಮೇಲೆ ಮಾತಾಡಿಸಲು ಬಂದವರೆಲ್ಲ ಅವರ ಒಳ್ಳೆಯತನದ ಬಗ್ಗೆ ಹೇಳಿದರು. ಆ ಕಾಲದಲ್ಲೇ ಕಂಪ್ಯೂಟರ್ ಕಲಿತವರು ಎಂದೂ ಹೇಳಿದರು. ಆ ಕಂಪ್ಯೂಟರು ಬರೆದ ಅಕ್ಷರಗಳನ್ನು ನಮ್ಮ ಕಟ್ಟಡದವರು ಕರಿದು ತಿಂದಿದ್ದರು ಎನ್ನುವುದು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ನನಗೆ ಮೊದಲು ನೆನಪಾದದ್ದು ಅದೇ.

ಎಪ್ಪತ್ತರ ದಶಕದ ಕೊನೆಯ ಮಾತು. ವಿಜಾಪುರದ ಕಡೆಯಿಂದ ಮದುವೆಯಾಗಿ ನಾನು ಡೊಂಬಿವಲಿಗೆ ಬಂದಾಗ ಇದ್ದದ್ದು ಒಂದು ಖೋಲಿ, ಒಂದು ಅಡುಗೆಮನೆ, ಒಬ್ಬರು ಅತ್ತೆ. ನಮ್ಮವರಿಗೆ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಕೆಲಸ. ಕಾರ್ಖಾನೆಗಳಿಗೆ ದೊಡ್ಡ ಕುಲುಮೆ ಕಟ್ಟಿಕೊಡುವ ಕಂಪನಿ. ಅಲ್ಲಿ ಒಂದು ಕೋಣೆ ತುಂಬುವಷ್ಟು ದೊಡ್ಡ ಕಂಪ್ಯೂಟರ್ ಇತ್ತು. ಇವರು ಅದರ ಆಪರೇಟರ್, ಯಾವಾಗಲೂ ರಾತ್ರಿ ಪಾಳಿ.

ಬೆಳಿಗ್ಗೆ ಇಡೀ ಡೊಂಬಿವಲಿ ಮುಂಬಯಿಯತ್ತ ಲೋಕಲಿಗೆ ಜೋತುಬಿದ್ದು ಹೋಗುವಾಗ ಇವರು ಎದುರು ದಿಕ್ಕಿನ ಗಾಡಿಯಲ್ಲಿ ಕಿಟಕಿ ಪಕ್ಕ ಕುಳಿತು ಬರುತ್ತಿದ್ದರು. ಬಂದು ಮಲಗಿದರೆ ಸಂಜೆಯವರೆಗೆ ಅತ್ತೆಯ ಕಾವಲು. ಭಾಜಿ-ತರಕಾರಿ ಮಾರುವವಳು ಕೂಗಬಾರದು, ನನ್ನ ಬಳೆ ಸದ್ದಾಗಬಾರದು, ಕಾಗೆ ಅರಚಬಾರದು. ಕಾಗೆಯನ್ನು ಓಡಿಸಲು ಅತ್ತೆ ಹಾಕುವ ಕೂಗಿಗೇ ಇವರು ಎದ್ದು ಕೂರುತ್ತಿದ್ದರು.

"ಯವ್ವಾ, ಕಾಗಿ ಇರಲಿ ಬಿಡು. ನೀ ಸುಮ್ನಿರು."

ನಾವಿಬ್ಬರೂ ಒಟ್ಟಿಗೆ ಕೂತು ರಾತ್ರಿಯೂಟ ಮಾಡುತ್ತಿದ್ದದ್ದು ಭಾನುವಾರ ಮಾತ್ರ. ಹಗಲು ಪಾಳಿ ಸಿಗಬೇಕಾದರೆ ಪ್ರೋಗ್ರಾಮರ್ ಆಗಬೇಕಿತ್ತು. ಅದಕ್ಕಾಗಿ ತಾವೇ ಪುಸ್ತಕ ಓದಿ ಕಲಿತರು. ಇವರ ಸಾಹೇಬರು ಠಾಣೆಯ ಮರಾಠಿ ಮನುಷ್ಯ. ಕುಲುಮೆಯ ಇಟ್ಟಿಗೆ ಗೋಡೆ ದಾಟಿ ಎಷ್ಟು ಬಿಸಿ ಹೊರಗೆ ಬರುತ್ತದೆ ಎಂದು ಲೆಕ್ಕ ಹಾಕುವ ಕೆಲಸ ಕೊಟ್ಟರು. ಸರಿಯಾಗಿ ಮಾಡಿದರೆ ಹಗಲು ಪಾಳಿ, ಇಲ್ಲವಾದರೆ ಆ ಜಾಗ ಬೇರೆಯವರಿಗೆ. ನಾನು ಏಳನೆಯ ತರಗತಿ ಓದಿದವಳು. ಆದರೂ ಆ ಗೋಡೆಯ ಬಿಸಿಯ ಬಗ್ಗೆ ನನಗಿದ್ದಷ್ಟು ಕಾಳಜಿ ಕಂಪನಿಯ ಮಾಲೀಕರಿಗೂ ಇರಲಿಕ್ಕಿಲ್ಲ.

ಒಂದು ಭಾನುವಾರ ಊಟದ ಹೊತ್ತಿಗೆ ನನಗೆ ತಿಳಿಸಿ ಹೇಳಿದರು. ಆ ಯಂತ್ರದಲ್ಲಿ ಒಂದೊಂದು ಸಂಖ್ಯೆಗೂ ಇಷ್ಟೇ ಜಾಗ ಎಂದು ಇರುತ್ತದಂತೆ. ಸಂಖ್ಯೆ ಮಿತಿ ಮೀರಿ ದೊಡ್ಡದಾದರೆ ಅದು ಓವರ್‌ಫ್ಲೋ. ಯಂತ್ರ ಕೆಲಸವನ್ನೇ ಅಲ್ಲಿಗೆ ನಿಲ್ಲಿಸಿ ಹೊರಗೆ ಹಾಕುತ್ತದೆ. ಮಿತಿ ಮೀರಿ ಚಿಕ್ಕದಾದರೆ ಅಂಡರ್‌ಫ್ಲೋ. ಆಗ ನಿಲ್ಲಿಸುವುದಿಲ್ಲ. ಹೀಗಾಯಿತು ಎಂದು ಒಂದು ಸಾಲು ಅಚ್ಚು ಹಾಕಿ, ಆ ಸಂಖ್ಯೆಯ ಜಾಗದಲ್ಲಿ ಸೊನ್ನೆ ಇಟ್ಟು ಮುಂದೆ ಹೋಗುತ್ತದೆ.

"ನಿಮ್ಮವ್ವನ ಹಂಗ," ಎಂದೆ ಮೆಲ್ಲಗೆ. "ದೊಡ್ಡ ತಪ್ಪಾದ್ರ ಮಾತು ಬಂದ್. ಸಣ್ಣ ತಪ್ಪಾದ್ರ ಒಂದ ಮಾತು ಅಂದು, ಮುಂದಿನ ಕೆಲಸ."

"ಏನಂದಿ?" ಎಂದರು ಅತ್ತೆ ಒಲೆಯ ಮುಂದಿನಿಂದ.

"ಸಾರಿಗೆ ಉಪ್ಪು ಬೇಕೇನ್ರಿ ಅಂದೆ, ಅತ್ತಿ."

ಇವರ ಲೆಕ್ಕದಲ್ಲಿ ಅಂಡರ್‌ಫ್ಲೋ ಸಾಲುಗಳು ಎಣಿಕೆಗೆ ಸಿಗದಷ್ಟು ಬಂದವು. ಪ್ರಿಂಟರು ಪುಟಗಟ್ಟಲೆ ಅದೊಂದನ್ನೇ ಬಡಿಯಿತು. ಆ ರದ್ದಿ ಕಾಗದದ ಕಟ್ಟುಗಳನ್ನು ಇವರು ಬೆಳಿಗ್ಗೆ ಮನೆಗೆ ಹೊತ್ತು ತರುತ್ತಿದ್ದರು. ಕಪಾಟಿಗೆ ಹಾಸಿದೆವು, ರೊಟ್ಟಿ ಬುಟ್ಟಿಗೆ ಹಾಸಿದೆವು. ಆದರೂ ಮುಗಿಯದಾಗ ಅತ್ತೆ ಕಟ್ಟಡದ ಗಚ್ಚಿಯ ಮೇಲೆ ಬಿಸಿಲಿಗೆ ಅದನ್ನೇ ಹರಡಿ ಸಂಡಿಗೆ ಇಟ್ಟರು. ಒಣಗಿದ ಸಂಡಿಗೆ ಎಬ್ಬಿಸಿ ನೋಡಿದರೆ ತಳದಲ್ಲಿ ಕರಿ ಶಾಯಿಯ ಇಂಗ್ಲಿಷ್ ಅಕ್ಷರಗಳು, ತಿರುಗುಮುರುಗಾಗಿ ಮೂಡಿದ್ದವು. ಎಸೆಯಲು ಅತ್ತೆ ಒಪ್ಪಲಿಲ್ಲ. ನಮ್ಮ ಕೆಳಗಿನ ಮನೆಯಲ್ಲಿ ಉಡುಪಿ ಕಡೆಯ ಅಕ್ಕ ಇದ್ದರು. ಅವರಿಗೂ ಒಂದು ಡಬ್ಬಿ ಕೊಟ್ಟರು.

"ಎಂತದು ಮಾರಾಯ್ರೆ, ಸಂಡಿಗೆಯ ಮೇಲೆ ಬರೆದದ್ದು?"

"ನನ್ನ ಮಗನ ಲೆಕ್ಕರೀ. ತಿನ್ರಿ, ಶ್ಯಾಣ್ಯಾರ ಆಗ್ತೀರಿ."

ಆ ಅಕ್ಕ ಕರಿದು ತಿಂದರು. ಮರುದಿನ ಖಾಲಿ ಡಬ್ಬಿಯ ಜೊತೆ ಹೇಳಿ ಕಳಿಸಿದರು: "ಲೆಕ್ಕಕ್ಕೆ ಸ್ವಲ್ಪ ಉಪ್ಪು ಜಾಸ್ತಿ."

ಇತ್ತ ಕಾಗದ ದಂಡವಾಗುತ್ತಿದೆ ಎಂದು ಸಾಹೇಬರು ರೇಗಿದರು. ಇವರು ತಮ್ಮ ಪ್ರೋಗ್ರಾಮಿನ ತೂತು ಹೊಡೆದ ರಟ್ಟಿನ ಕಾರ್ಡುಗಳಿಗೆ ಇನ್ನೊಂದು ಕಾರ್ಡು ಸೇರಿಸಿ, ಆ ಸಾಲುಗಳು ಅಚ್ಚಾಗದಂತೆ ಮಾಡಿದರು. ಯಂತ್ರ ಈಗ ಬಾಯಿ ಮುಚ್ಚಿಕೊಂಡು ಸೊನ್ನೆ ಇಡತೊಡಗಿತು. ಉತ್ತರ ಒಂದೇ ಹಾಳೆಯಲ್ಲಿ ಚೊಕ್ಕಟವಾಗಿ ಬಂತು. ಅದರ ಪ್ರಕಾರ ಧಗಧಗ ಉರಿಯುವ ಕುಲುಮೆಯ ಗೋಡೆಯಿಂದ ಬಿಸಿ ಚೂರೂ ಹೊರಗೆ ಬರುವುದಿಲ್ಲ.

"ಸಾಹೇಬ ಏನಂದ ಗೊತ್ತೇನು?" ಎಂದರು ಮನೆಗೆ ಬಂದು. "'ಹಂಗಾದ್ರ ಆ ಗ್ವಾಡಿಗೆ ಬೆನ್ನ ಹಚ್ಚಿ ಕುಂಡ್ರು, ನಾ ನಿಂತು ನೋಡ್ತೀನಿ' ಅಂದ. ಸೋಮವಾರದ ತನಕ ಟೈಮ್ ಕೊಟ್ಟಾನ."

ಆ ಭಾನುವಾರ ಇವರಿಗೆ ಮೈಮೇಲೆ ಗ್ಯಾನವಿರಲಿಲ್ಲ. ಮೊಸರಿನ ಗಡಿಗೆಯನ್ನು ಕೊನೆಯ ಹನಿಯವರೆಗೆ ಅನ್ನಕ್ಕೆ ಬಳಿದುಕೊಂಡರು. ಅಷ್ಟು ಸಾಲದೆಂಬಂತೆ, ಎಂದೂ ಇಲ್ಲದವರು ಗಡಿಗೆಯನ್ನು ತೊಳೆದೂ ಇಟ್ಟರು. ಅತ್ತೆ ಹಾಲು ಕಾಸಿ ಆರಿಸಿ ತಂದರೆ ಹೆಪ್ಪು ಹಾಕಲು ಮೊಸರಿಲ್ಲ.

"ಹೆಪ್ಪಿಗಿ ಇಟ್ಟಿದ್ದ ಮಸರ ಎಲ್ಲೈತೋ?"

"ಒಂದ ಹನಿ ಇತ್ತಲ್ಲ ಯವ್ವಾ. ಅಷ್ಟರಾಗ ಏನೈತಿ?"

"ಆ ಒಂದ ಹನಿ ಇಲ್ಲಂದ್ರ ಗಡಗಿ ಹಾಲು ನಿನ್ನ ಮಾರಿ ನೋಡಿ ಮಸರಾಗತೈತೇನು, ಮಂಗ್ಯಾ?"

ಇವರು ತೊಳೆದಿಟ್ಟ ಗಡಿಗೆಯೊಳಗೆ ಇಣುಕಿ ನೋಡಿ, "ಯವ್ವಾ, ಇನ್ನೊಮ್ಮೆ ಬೈ," ಎಂದರು.

ಅತ್ತೆ ಎಂದೂ ಜಿಪುಣರಲ್ಲ. ಮತ್ತೊಮ್ಮೆ ಬೈದರು, ಇನ್ನೂ ಉದ್ದಕ್ಕೆ.

ಅತ್ತೆಯ ಬೈಗುಳದಿಂದಲೇ ತಪ್ಪು ಸಿಕ್ಕಿತು ಎಂದು ಬರೆದರೆ ಚೆಂದ ಕಾಣುತ್ತಿತ್ತು. ಹಾಗಾಗಲಿಲ್ಲ. ತಪ್ಪು ಎಲ್ಲಿದೆ ಎಂದು ಇವರಿಗೆ ಆಗಲೇ ಗೊತ್ತಾಗಿತ್ತು. ಅದನ್ನು ಸಿಟ್ಟಿನಲ್ಲಿರುವ ಸಾಹೇಬರಿಗೆ ಹೇಗೆ ಹೇಳಬೇಕು ಎನ್ನುವುದು ಗೊತ್ತಿರಲಿಲ್ಲ, ಅಷ್ಟೆ. ಸೋಮವಾರ ಹೋಗಿ ಹೇಳಿದರು. ಈ ಲೆಕ್ಕದಲ್ಲಿ ಒಂದು ತೀರ ಸಣ್ಣ ಸಂಖ್ಯೆ, ಒಂದು ತೀರ ದೊಡ್ಡ ಸಂಖ್ಯೆ. ಎರಡನ್ನೂ ಗುಣಿಸಿದರೆ ಬರುವುದು ಸಾಧಾರಣ ಸಂಖ್ಯೆ. ಆದರೆ ಯಂತ್ರ ಮೊದಲು ಸಣ್ಣದನ್ನು ಲೆಕ್ಕ ಮಾಡಿ, ಸೊನ್ನೆ ಎಂದು ಒರೆಸಿಬಿಡುತ್ತದೆ. ಆಮೇಲೆ ಎಷ್ಟು ದೊಡ್ಡದರಿಂದ ಗುಣಿಸಿದರೇನು? ಒಂದು ಹನಿ ಮೊಸರು, ಒಂದು ಗಡಿಗೆ ಹಾಲು, ಸಾಹೇಬ. ಹನಿಯನ್ನು ತೊಳೆದು ಚೆಲ್ಲಿದರೆ ಹಾಲು ಹಾಲಾಗಿಯೇ ಉಳಿಯುತ್ತದೆ.

"ವಿರ್ಜಣ!" ಎಂದು ಸಾಹೇಬರು ಮೇಜು ಕುಟ್ಟಿದರಂತೆ. ಮರಾಠಿಯವರು ಹೆಪ್ಪಿಗೆ ಹೇಳುವ ಮಾತು ಅದು. ಆಮೇಲೆ ದನಿ ತಗ್ಗಿಸಿ, ತಮ್ಮ ಮನೆಯಲ್ಲೂ ಅದನ್ನು ಬಳಿದು ತಿಂದು ಬೈಸಿಕೊಳ್ಳುವವರು ತಾವೇ ಎಂದು ಒಪ್ಪಿಕೊಂಡರಂತೆ. ಇನ್ನೊಂದು ವಾರ ಕೊಟ್ಟರು. ಇವರು ಎರಡು ಸಂಖ್ಯೆಗಳನ್ನೂ ಬೇರೆ ಬೇರೆ ಪೂರ್ತಿ ಮಾಡುವ ಬದಲು, ಸಣ್ಣದರ ಒಂದು ಪಾಲು, ದೊಡ್ಡದರ ಒಂದು ಪಾಲು ಎಂದು ಸರದಿಯಂತೆ ಗುಣಿಸುತ್ತ ಹೋದರು. ಯಾವುದೂ ಉಕ್ಕಲಿಲ್ಲ, ಯಾವುದೂ ಇಂಗಲಿಲ್ಲ. ಗೋಡೆ ಬಿಸಿಯಾಯಿತು. ಹಗಲು ಪಾಳಿ ಸಿಕ್ಕಿತು.

ಕಿಟಕಿ ಪಕ್ಕದ ಜಾಗ ಹೋಯಿತು. ಲೋಕಲಿನ ನೂಕುನುಗ್ಗಲಿನಲ್ಲಿ ಅಂಗಿಯ ಗುಂಡಿಗಳು ಹೋದವು. ಕಾವಲು ತಪ್ಪಿದ ಅತ್ತೆ ಹಗಲು ತಾವೇ ಮಲಗತೊಡಗಿದರು. ಕಾಗೆ ಎಷ್ಟು ಅರಚಿದರೂ ಅವರಿಗೆ ಎಚ್ಚರವಾಗುತ್ತಿರಲಿಲ್ಲ. ಹೆಪ್ಪು ತಿಂದ ತಪ್ಪಿಗೆ, ದಿನವೂ ಹೆಪ್ಪು ಹಾಕುವ ಕೆಲಸವನ್ನು ಮಗನಿಗೇ ವಹಿಸಿದರು. ಅತ್ತೆ ಹೋದ ಮೇಲೂ ಇವರು ಬಿಡಲಿಲ್ಲ. ರಾತ್ರಿಯೂಟವಾದ ಮೇಲೆ ಬೆರಳಿನಿಂದ ಹಾಲಿನ ಬಿಸಿ ನೋಡಿ, ಒಂದು ಚಮಚ ಮೊಸರು ಹಾಕಿ ಕಲಕುತ್ತಿದ್ದರು. "ಪ್ರೋಗ್ರಾಮ್ ಹಾಕಿ ಆತು," ಎಂದು ತಟ್ಟೆ ಮುಚ್ಚುತ್ತಿದ್ದರು.

ಅವರು ಹೋದ ಮೇಲೆ ಬಂಧುಗಳು ಮನೆಯ ಪಾತ್ರೆಗಳನ್ನೆಲ್ಲ ತೊಳೆದು ಒಪ್ಪ ಮಾಡಿ ಹೋದರು. ಹೆಪ್ಪಿನ ಗಡಿಗೆಯನ್ನೂ ತೊಳೆದಿದ್ದರು. ಉಗುರುಬೆಚ್ಚನೆಯ ಹಾಲಿನ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಅಂಗಡಿಯಿಂದ ಪಾಕೀಟು ಮೊಸರು ತರಬಹುದಿತ್ತು. ಮನಸ್ಸಾಗದೆ ಕೆಳಗಿನ ಮನೆಯ ಅಕ್ಕನ ಬಾಗಿಲು ತಟ್ಟಿದೆ.

"ಹೆಪ್ಪಿಗಾ? ಎಷ್ಟು ಬೇಕು, ಮಾರಾಯ್ತಿ?"

"ಒಂದು ಚಮಚ ಸಾಕು, ಅಕ್ಕ."

ನಾನೇ ಕಲಕಿ, ತಟ್ಟೆ ಮುಚ್ಚಿದೆ. ಬೆಳಿಗ್ಗೆ ಮೊಸರು ಗಟ್ಟಿಯಾಗಿ ನಿಂತಿತ್ತು. ಅಕ್ಕ ಹೆಪ್ಪು ಕೊಟ್ಟಿದ್ದ ಬಟ್ಟಲನ್ನು ವಾಪಸು ಕೊಡುವಾಗ, ಇವರಿದ್ದಿದ್ದರೆ ಖಂಡಿತ ಹೇಳುತ್ತಿದ್ದ ಮಾತನ್ನು ನಾನು ಹೇಳಿದೆ: "ಲೆಕ್ಕ ಸ್ವಲ್ಪ ಹುಳಿ ಆಗಿದೆ, ಅಕ್ಕ." ಅವರಿಗೆ ಮೊದಲು ನಗು ಬಂತು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಮೇಲೆ ಬಂದು ಊಟಕ್ಕೆ ಬಡಿಸಿಕೊಂಡೆ. ಬಡಿಸಿಕೊಳ್ಳುವ ಮೊದಲು ಒಂದು ಚಮಚ ಹೆಪ್ಪಿಗೆಂದು ಬೇರೆ ತೆಗೆದಿಟ್ಟೆ.