ಕಾಲೊರಸಿನ ಗದ್ದೆ

ನನ್ನ ಮನೆ ಬಾಗಿಲಲ್ಲಿ ಕಾಲೊರಸು ಒಂದು ತಿಂಗಳು ಉಳಿದದ್ದಿಲ್ಲ ಮಾರಾಯ್ರೆ. ಕಳ್ಳ ಹೊರಗಿನವನಲ್ಲ, ನಮ್ಮ ಯಜಮಾನರೇ. ಹೆಸರು ಕೊಗ್ಗ, ಊರು ಕಾರ್ಕಳದ ಹತ್ತಿರ, ಇಲ್ಲಿ ಅರಬರ ನಾಡಿನ ರೂವಿ ಪೇಟೆಯ ಒಂದು ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ಟೋರ್‌ಕೀಪರ್.

ಅಂಗಡಿಯ ಮ್ಯಾನೇಜರ್ ಅಬ್ದುಲ್ಲಾ ಈ ದೇಶದವರೇ, ನಿಜ್ವಾ ಊರಿನವರು. ಶುಕ್ರವಾರ ಅವರ ಮನೆಯಲ್ಲಿ ಇವರೂ ಸೇರಿ ಐದಾರು ಗಂಡಸರು ಹೆಬ್ಬೆರಳಿನಷ್ಟು ಉದ್ದದ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ ಯುದ್ಧದ ಆಟ ಆಡುತ್ತಾರೆ. ಮೇಜಿನ ಹುಲ್ಲು, ಪೊದೆ ಎಲ್ಲ ಇವರು ನನ್ನ ಕಾಲೊರಸಿನಿಂದಲೇ ಮಾಡುವುದು. ತಲೆ ನರೆತವರ ಕೆಲಸ ನೋಡಿ! ಸೂರ್ ಊರಿನಿಂದ ಇನ್ನೊಂದು ತಂಡ ಆಡಲು ಬರುವುದಿತ್ತು, ಮೇಜಿಗೊಂದು ಬೆಳೆಯ ಹೊಲ ಬೇಕಿತ್ತು. "ನಾನು ಮಾಡಿದ್ದನ್ನು ನಟ್ಟನಡುವೆ ಇಡ್ತಾರಂತೆ" ಎಂದು ಇವರು ಎರಡು ವಾರ ಊಟವನ್ನೇ ಮರೆತರು. ನಾರಿನ ಕಾಲೊರಸು ಕತ್ತರಿಸಿ ಹಲಗೆಗೆ ಅಂಟಿಸಿದರು, ತುದಿಗೆ ಹಳದಿ ಬಳಿದರು, ನಡುನಡುವೆ ಜೇಡಿಮಣ್ಣಿನ ಹುಣಿ, ಅಂದರೆ ನಡೆಯುವ ಬದು, ಕಟ್ಟಿ ನೀರು ಇಳಿಯುವ ಕಂಡಿಯನ್ನೂ ಬಿಟ್ಟರು. ಬೈಯುತ್ತಲೇ ಇಣುಕಿದೆ. ಕೊಯ್ಲಿಗೆ ಬಂದ ಗದ್ದೆಯೇ.

ಆಟದ ದಿನ ನಾನೂ ಹೋದೆ. ಸೂರ್‌ನ ನಾಯಕ ಗದ್ದೆಯಲ್ಲಿ ಒಬ್ಬ ಸೈನಿಕನನ್ನು ನಿಲ್ಲಿಸಿದ, ಅವ ಬಿದ್ದ. ಇನ್ನೊಬ್ಬನೂ ಬಿದ್ದ. ಪೈರು ಅಷ್ಟು ಒತ್ತೊತ್ತು, ಕಾಲಿಡಲು ಜಾಗವೇ ಇಲ್ಲ. "ಇದನ್ನು ತೆಗೆದಿಡಿ, ಆಡಲಿಕ್ಕಾಗುವುದಿಲ್ಲ" ಎಂದು ಹಿಂದಿಯಲ್ಲಿ ಹೇಳಿಬಿಟ್ಟ. ಇವರ ಮುಖ ಬಾಡಿತು. ನಾನು ಮೇಜಿನ ಹತ್ತಿರ ಸರಿದೆ.

"ತೆನೆ ಬಂದ ಗದ್ದೆಗೆ ಯಾರಾದರೂ ಇಳೀತಾರಾ?" ಎಂದರು ಇವರು.

"ಹಾಗಾದರೆ ನಿಮ್ಮೂರಲ್ಲಿ ದಾಟುವುದು ಹೇಗೆ?" ಅಬ್ದುಲ್ಲಾ ಕೇಳಿದರು.

"ಹುಣಿಯ ಮೇಲೆ. ಒಬ್ಬರ ಹಿಂದೆ ಒಬ್ಬರು."

ಅಬ್ದುಲ್ಲಾ ಬಗ್ಗಿ, ನೀರಿನ ಕಂಡಿಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ನನ್ನ ಅಜ್ಜನೂ ಗೋಧಿಗೆ ಕಾಲಿಡಲು ಬಿಡುತ್ತಿರಲಿಲ್ಲ. ಖಲಾಸ್, ಮಾತು ಮುಗಿಯಿತು! ಇವತ್ತು ಎಲ್ಲರೂ ಹುಣಿಯ ಮೇಲೆಯೇ."

ಮತ್ತೆ ಎಂತ ಗಮ್ಮತ್ತು! ಎರಡೂ ಸೈನ್ಯ ಸಾಲು ಹಿಡಿದು ಹೊರಟು, ಹುಣಿಯ ನಡುವೆ ಎದುರುಬದುರು ಸಿಕ್ಕಿಬಿದ್ದವು. ಆಡುವವರು ತಲೆ ಕೆರೆದುಕೊಂಡರು, ನಕ್ಕರು, ಗದ್ದೆಯ ಫೋಟೋ ತೆಗೆದರು. ಅಷ್ಟರಲ್ಲಿ ಸೂರ್‌ನ ನಾಯಕ ಅವಸರದಲ್ಲಿ ಒಬ್ಬ ಸೈನಿಕನನ್ನು ಎತ್ತಿ ತೆನೆಯ ಕಡೆ ಕೈ ಚಾಚಿದ.

"ಏಯ್, ಗದ್ದೆಗೆ ಇಳೀಬೇಡಿ!"

ಕಿರುಚಿದ್ದು ನಾನು. ಅದೂ ಕನ್ನಡದಲ್ಲಿ. ಚಾಚಿದ ಕೈ ಹಿಂದೆ ಹೋಯಿತು. ಇವರು ಬಾಯಿ ಬಿಟ್ಟು ನನ್ನನ್ನೇ ನೋಡಿದರು. ನೋಡಲಿ, ನನ್ನ ಗಂಡ ಕಟ್ಟಿದ ಗದ್ದೆ, ನನಗೆ ಹೆಮ್ಮೆ ಇರುವುದಿಲ್ಲವಾ?

ಬರುವಾಗ ರೂವಿಯಲ್ಲಿ ಎರಡು ಕಾಲೊರಸು ಕೊಂಡೆ.

"ಒಂದು ಬಾಗಿಲಿಗಾ?" ಇವರು ಮೆಲ್ಲಗೆ ಕೇಳಿದರು.

"ಎರಡೂ ಗದ್ದೆಗೇ" ಎಂದೆ.