ಪೊರೆಯ ಕಣ್ಣಿಗೆ ಕೊಟ್ಟ ಔಷಧ

ಎಂಬತ್ತರ ದಶಕದ ಮೊದಲ ವರ್ಷಗಳು. ನನ್ನ ತವರೂರಾದ ಬೀಡಿಯಲ್ಲಿ ಭತ್ತ ಬಡಿಯುವಾಗ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಬಲಗಣ್ಣಿಗೆ ತೆನೆಯ ಮುಳ್ಳು ಚುಚ್ಚಿತು. ಸೆರಗಿನ ತುದಿಯಿಂದ ತೆಗೆದುಕೊಂಡು ಸಂಜೆತನಕ ಕೆಲಸ ಮಾಡಿದಳು. ಮರುದಿನ ಕಣ್ಣು ಕೆಂಡದಂತಾಯಿತು.

ಅವ್ವನಿಗೆ ಅದೇ ವರ್ಷ ಕಣ್ಣಿನ ಪೊರೆ ತೆಗೆದಿದ್ದರು. ಆಗ ಕೊಟ್ಟ ಔಷಧ ಅರ್ಧ ಬಾಟಲಿ ಉಳಿದಿತ್ತು. ಅವ್ವ ಏನನ್ನೂ ಚೆಲ್ಲುವವಳಲ್ಲ. ತನಗೆ ಗುಣ ಕೊಟ್ಟದ್ದನ್ನೇ ಸೊಸೆಗೂ ಹಾಕಿದಳು. ಕೆಂಪು ಇಳಿಯಿತು, ಮನೆಮಂದಿ ನಿರಾಳರಾದರು. ಆಮೇಲೆ ಕರಿಗುಡ್ಡೆಯ ಮೇಲೆ ಬಿಳಿ ಮಚ್ಚೆ ಎದ್ದಿತು.

ಇಬ್ಬರೂ ಬಸ್ಸು ಹತ್ತಿ ಶಹರಕ್ಕೆ, ಶಿವಬಸವ ನಗರದ ನಮ್ಮ ಮನೆಗೆ ಬಂದರು. ನಾನೇ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಕಣ್ಣು ಜೋಮು ಹಿಡಿಯುವ ಹನಿ ಹಾಕಿ, ಮಚ್ಚೆಯನ್ನು ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರು.

"ರೊಟ್ಟಿಗೆ ಬೂಸ್ಟು ಬರ್ತದಲ್ಲ, ಅಂಥಾದು ಕಣ್ಣಾಗ ಬೆಳದದ. ಎಳಿ ಎಳಿ ಕಾಣಸ್ತಾವ. ಇದಕ್ಕ ಮೊದಲ ಏನ ಹಾಕಿದ್ರಿ?"

"ಏನಿಲ್ರಿ. ತಣ್ಣೀರಿಲೆ ತೊಳಕೊಂಡೇನಿ." ವೈನಿ ಅತ್ತೆಯ ಕಡೆ ನೋಡಲೇ ಇಲ್ಲ.

"ಖರೇ ಹೇಳ್ರಿ. ಕಣ್ಣು ಉಳಸೂದೋ ತಗಿಯೂದೋ ಅನ್ನೂ ಮಾತದ."

ಅವ್ವ ಸೊಂಟದ ಸಂಚಿ ಬಿಚ್ಚಿ, ಎಲೆ ಅಡಿಕೆಯ ನಡುವಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. "ನಾನ ಹಾಕೇನ್ರಿ. ಆಕಿ ಬಾಯಿ ಬಿಡಾಂಗಿಲ್ಲ. ಮೊದಲಿಂದ ಮೊಂಡ ಐತಿ."

ಡಾಕ್ಟರು ಬಾಟಲಿ ತಿರುಗಿಸಿ ನೋಡಿದರು. ಬೈಯಲಿಲ್ಲ. "ಅಜ್ಜಿ, ನಿಮಗ ಇದು ಬರೋಬ್ಬರಿ ಇತ್ತು. ಈ ಕಣ್ಣಾಗ ಬೂಸ್ಟಿಗೆ ಗೊಬ್ಬರ ಹಾಕಿದಂಗ ಆತು. ಮ್ಯಾಲ ಕೆಂಪು ಇಳೀತು, ಒಳಗ ಅದು ಬೆಳೀತು."

ಹೊಸ ಔಷಧ ಮಜ್ಜಿಗೆಯಂತೆ ಬೆಳ್ಳಗಿತ್ತು. ಅಲುಗಾಡಿಸಿ, ತಾಸಿಗೊಮ್ಮೆ ಹಾಕಬೇಕು. ಮನೆಯಲ್ಲಿ ನಾನು ಬಾಟಲಿಗೆ ಕೈಚಾಚಿದರೆ ವೈನಿ, "ಅತ್ತೀನ ಹಾಕ್ಲಿ," ಎಂದು ಮಲಗಿದಳು. ಅವ್ವ ಬಿಟ್ಟ ಮೊದಲ ಹನಿ ಗಲ್ಲಕ್ಕೆ ಜಾರಿತು.

"ಗಲ್ಲಕ್ಕೇನೂ ಬ್ಯಾನಿ ಇಲ್ರಿ, ಅತ್ತಿ."

ಅವ್ವ ನಗಲಿಲ್ಲ. ಎಡಗೈಯಿಂದ ಬಲಗೈ ಹಿಡಿದುಕೊಂಡು ಮತ್ತೊಂದು ಹನಿ ಬಿಟ್ಟಳು.

ವಾರಗಳು ಕಳೆದವು. ಹುಣ್ಣು ಮಾಯಿತು, ಕಣ್ಣು ತೆಗೆಯುವುದು ತಪ್ಪಿತು. ಬಿಳಿ ಕಲೆ ಮಾತ್ರ ಅಲ್ಲೇ ನಿಂತಿತು. ಬೀಡಿಗೆ ಹೊರಡುವ ಮುಂಜಾನೆ ಅವ್ವ ಸೊಸೆಯ ಎಡಗಣ್ಣು ಮುಚ್ಚಿ, ಎದುರಿಗೆ ಕೈ ಆಡಿಸಿದಳು.

"ಕಾಣಸ್ತದೇನ?"

"ನಿಮ್ಮ ಕೈ ಆಡೂದು ಕಾಣಸ್ತದ್ರಿ."

ಬೆರಳೆಷ್ಟು ಕಾಣುತ್ತವೆ ಎಂದು ಅವ್ವ ಕೇಳಲಿಲ್ಲ.